ವೈದ್ಯವಿದ್ಯಾರ್ಥಿಯ ಸಂಭಾಷೆಯೂ ವೃತ್ತಿಯೂ

ಹೂವಿನ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಹೆಸರು ಶಾಸನಗಳನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಪಲ್ಲವ ವಂಶದ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ದೊರೆತುದು ಈ ಊರಿನಲ್ಲಿ. ಬ್ಯೂಲರ್ ಪಂಡಿತನು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಮೊದಲನೆಯ ಸಂಪುಟದಲ್ಲಿ ಪ್ರಕಟಿಸಿದನು. ಕಾಂಚೀಪುರದಿಂದ ಹೊರಟ ಈ ರಾಜಾಜ್ಞೆಯು ಸಾತಾಹನಿ ರಾಷ್ಟ್ರಕ್ಕೆ ಸೇರಿದ ಚಿಲ್ಲರೇಕಕೊಡುಂಕವೆಂಬ ಗ್ರಾಮದ ಉತ್ಪತ್ತಿಯಲ್ಲಿ ಯಾವ ಗೋತ್ರದ ಯಾವ ಬ್ರಾಹ್ಮಣನಿಗೆ ಎಷ್ಟು ಪಾಲು ಸಲ್ಲಬೇಕೆಂಬುದನ್ನು ಹೆಸರು ಹಿಡಿದು ಹೇಳುತ್ತದೆ. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ಇಂತಹ ಪಾಲಿಗೆ ವೃತ್ತಿಯೆಂದು ಹೆಸರು. ವಿದ್ಯಾವಂತನಾದವನು ಊಟದ ಚಿಂತೆಯಿಲ್ಲದೆ ಓದಿ, ಓದಿಸಿ, ವಾದಿಸಿ ಬಾಳಲೆಂದು ಭೂಮಿಯ ಒಂದು ಭಾಗವನ್ನು ಬಿಟ್ಟುಕೊಡುವುದು ಆ ಶಬ್ದದ ಮೂಲಾರ್ಥವು. ಇಂದು ಅದೇ ಶಬ್ದವು ಒಬ್ಬ ಮನುಷ್ಯನು ಜೀವಮಾನದಲ್ಲಿ ಹಿಡಿಯುವ ಉದ್ಯೋಗದ ದಾರಿಗೆ ಹೆಸರಾಗಿದೆ. ಮೊದಲಿನ ಅರ್ಥದಲ್ಲಿ ವೃತ್ತಿಯನ್ನು ಕೊಡುವವನೊಬ್ಬನಿದ್ದನು; ಈಗಿನ ಅರ್ಥದಲ್ಲಿ ಹುಡುಕುವವನು ಮಾತ್ರ ಇದ್ದಾನೆ.

ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಮುಂತಾದ ವೈದ್ಯಕ್ಕೆ ಸೇರಿದ ವಿಜ್ಞಾನಗಳಲ್ಲಿ ಪ್ರೌಢ ಸಂಶೋಧನೆ ಮಾಡುವ ವಿದ್ಯಾರ್ಥಿಗೆ ಎರಡು ವಸ್ತುಗಳು ಬೇಕಾಗುತ್ತವೆ. ತಾನು ಕಂಡುದನ್ನು ತನ್ನ ಶಾಸ್ತ್ರವನ್ನೇ ಬಲ್ಲವರ ಮುಂದೆ ಹೇಳಿ, ಅವರ ಪ್ರಶ್ನೆಗಳಿಗೆ ಗುರಿಯಾಗಿ, ತಿದ್ದಿಕೊಳ್ಳುವ ಸಭೆಯೊಂದು; ವ್ಯಾಸಂಗವು ಮುಗಿದ ಮೇಲೆ ಕಾಲಿಡಲು ಒಂದು ನೆಲೆ ಮತ್ತೊಂದು. ಕನ್ನಡ ನಾಡಿನಲ್ಲಿ ಇವೆರಡೂ ಯಾವಾಗ ಒಂದಾಗಿದ್ದುವು, ಯಾವಾಗ ಬೇರೆಯಾದುವು ಎಂಬುದು ವಿಚಾರಯೋಗ್ಯವಾದ ವಿಷಯ.

ಪ್ರಾಚೀನ ವೈದ್ಯಗ್ರಂಥಗಳು ಈ ಎರಡನ್ನೂ ಶಿಕ್ಷಣದ ಅಂಗಗಳೆಂದೇ ಭಾವಿಸಿದುವು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ತದ್ವಿದ್ಯಸಂಭಾಷೆಯೆಂಬ ಪ್ರಕರಣವಿದೆ. ವೈದ್ಯನು ವೈದ್ಯನೊಡನೆಯೇ ಚರ್ಚಿಸಬೇಕು. ಅದರಿಂದ ಜ್ಞಾನವು ಬೆಳೆಯುವುದು, ಸಂದೇಹವು ಕಳೆಯುವುದು, ಮಾತಿಗೆ ಶಕ್ತಿ ಬರುವುದು, ಕೀರ್ತಿಯೂ ಹರಡುವುದು ಎಂದು ಅಲ್ಲಿ ಹೇಳಿದೆ. ಇದರ ಜೊತೆಗೆ ಚರಕನು ಸೇರಿಸುವ ಇನ್ನೊಂದು ಲಾಭವು ಮಾನವಸ್ವಭಾವವನ್ನು ಚೆನ್ನಾಗಿ ಬಲ್ಲವನ ಮಾತು: ಗುರುವು ಮೆಚ್ಚಿದ ಶಿಷ್ಯನಿಗೆ ಮಾತ್ರ ಗುಟ್ಟಾಗಿ ಹೇಳಿಕೊಡುವ ವಿಷಯವನ್ನು, ಗೆಲ್ಲಬೇಕೆಂಬ ಹುರುಪಿನಲ್ಲಿರುವ ಎದುರಾಳಿಯು ಸಭೆಯಲ್ಲಿ ತಾನಾಗಿಯೇ ಹೊರಹಾಕಿಬಿಡುವನಂತೆ. ಸಂಭಾಷೆಯಲ್ಲಿ ಎರಡು ಬಗೆ. ಸ್ನೇಹದಿಂದ ಕೂಡಿದುದು ಸಂಧಾಯಸಂಭಾಷೆ. ಗೆಲವನ್ನೇ ಗುರಿಯಾಗಿಟ್ಟುಕೊಂಡುದು ವಿಗೃಹ್ಯಸಂಭಾಷೆ. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿಯು ತನಗಿಂತ ಮೇಲೋ, ಸಮನೋ, ಕೀಳೋ, ಕೂಡಿದ ಪರಿಷತ್ತು ತಿಳಿದವರದೋ ತಿಳಿಯದವರದೋ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕೆಂದು ಎಚ್ಚರಿಕೆಯುಂಟು. ವಾದಮಾರ್ಗದ ನಲವತ್ತನಾಲ್ಕು ಪಾರಿಭಾಷಿಕ ಪದಗಳನ್ನು ಎಣಿಸಿ ವಿವರಿಸಿರುವುದೂ ಅಲ್ಲಿಯೇ. ರೋಗ ಮತ್ತು ಔಷಧಗಳ ಗ್ರಂಥವೊಂದು ತರ್ಕಕ್ಕೆ ಇಷ್ಟು ಸ್ಥಳವನ್ನು ಕೊಟ್ಟಿರುವುದು ಗಮನಾರ್ಹವಾದುದು.

ಸುಶ್ರುತನಲ್ಲಿ ವೃತ್ತಿಯ ಮಾತು ಬರುತ್ತದೆ. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಕೈಪಳಗಿಸುವುದಕ್ಕೆ ಮೀಸಲು. ಕೊಯ್ಯುವುದನ್ನು ಕುಂಬಳ ಸೋರೆಗಳ ಮೇಲೆ, ರಕ್ತನಾಳವನ್ನು ಚುಚ್ಚುವುದನ್ನು ಸತ್ತ ಪ್ರಾಣಿಗಳ ಸಿರೆಗಳ ಮತ್ತು ತಾವರೆಯ ದಂಟಿನ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆ ಮತ್ತು ಮೆತ್ತನೆಯ ತೊಗಲಿನ ಮೇಲೆ, ಕಟ್ಟು ಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು. ಇದರ ಬೆನ್ನಿಗೇ ಬರುವ ಹತ್ತನೆಯ ಅಧ್ಯಾಯದ ಹೆಸರು ವಿಶಿಖಾನುಪ್ರವೇಶನೀಯ. ವಿಶಿಖೆಯೆಂದರೆ ಬೀದಿ, ವೈದ್ಯನಾಗಿ ಬೀದಿಗಿಳಿಯುವ ವಿಧಿಯೇ ಆ ಅಧ್ಯಾಯದ ವಸ್ತು. ಗ್ರಂಥವನ್ನು ಓದಿ, ಅರ್ಥವನ್ನು ತಿಳಿದು, ಕ್ರಿಯೆಯನ್ನು ಕಂಡು, ಕೈಯಿಂದ ಮಾಡಿ, ಅರಸನ ಅನುಮತಿಯನ್ನು ಪಡೆದು, ಉಗುರು ಕೂದಲುಗಳನ್ನು ಕತ್ತರಿಸಿಕೊಂಡು, ಬಿಳಿಯ ಬಟ್ಟೆಯುಟ್ಟು, ಕೊಡೆ ಕೋಲು ಪಾದರಕ್ಷೆಗಳೊಡನೆ ಹೊರಡಬೇಕೆಂದು ಅಲ್ಲಿ ಹೇಳಿರುತ್ತದೆ. ಕಲಿತವನು ಹೊರಗೆ ಹೋಗಿ ಬದುಕುವ ಬಗೆಯನ್ನು ಕಲಿಸುವುದೂ ಗುರುವಿನ ಹೊಣೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಉಗುರು ಬಟ್ಟೆಗಳ ಮಾತನ್ನು ಕ್ಷುಲ್ಲಕವೆಂದು ಬಿಡುವಂತಿಲ್ಲ. ಇಂದು ಉದ್ಯೋಗದ ಸಂದರ್ಶನಕ್ಕೆ ಹೋಗುವವನಿಗೆ ಹಿರಿಯರು ಹೇಳುವುದೂ ಅದನ್ನೇ.

ಕನ್ನಡ ನಾಡಿನ ಶಾಸನಗಳಲ್ಲಿ ಈ ಶಿಕ್ಷಣದ ಕುರುಹು ಎಲ್ಲಿದೆಯೆಂದು ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಒಂದನೆಯ ಸೋಮೇಶ್ವರನ ಕಾಲದ್ದು. ಅದೇ ಅರಸನ ಆಳ್ವಿಕೆಯ 1058ರ ನಾಗಾವಿಯ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದವನ್ನೋದುವ 200 ಮಂದಿ, ಶಾಸ್ತ್ರವನ್ನೋದುವ 52 ಮಂದಿ ವಿದ್ಯಾರ್ಥಿಗಳಿಗೂ, ಅವರ ಉಪಾಧ್ಯಾಯರಿಗೂ, ಸರಸ್ವತೀ ಭಂಡಾರವನ್ನು ಕಾಯುವ ಆರು ಮಂದಿಗೂ ಜೀವನವನ್ನು ಏರ್ಪಡಿಸುತ್ತದೆ. ಪುಸ್ತಕ ಕಾಯುವವರಿಗೆ ವೃತ್ತಿ ದೊರೆಯಿತು. ಆದರೆ ಅಲ್ಲಿ ಹೆಸರಿಸಿದ ಶಾಸ್ತ್ರಗಳಲ್ಲಿ ವೈದ್ಯವಿಲ್ಲ. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅದನ್ನು ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಖ್ಯಾನಸ್ಥಾನವೆಂದೂ, ದೀನರಿಗೆ ಅನ್ನ ದೊರೆಯುವ ಮತ್ತು ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಆಂಧ್ರದೇಶದ ಮಲ್ಕಾಪುರದ 1261ರ ಶಾಸನದಲ್ಲಿ ಗೋಳಕೀ ಮಠದ ವಿಶ್ವೇಶ್ವರ ಶಿವಾಚಾರ್ಯನು ಪಾಠಶಾಲೆಯ ಜೊತೆಗೆ ಆರೋಗ್ಯಶಾಲೆಯನ್ನೂ ಪ್ರಸೂತಿಶಾಲೆಯನ್ನೂ ಏರ್ಪಡಿಸಿದನೆಂದಿದೆ. ಚಿಕಿತ್ಸೆಗೆ ಮಠದಲ್ಲಿ ನೆಲೆಯಿದ್ದಿತು. ಆದರೆ ವೈದ್ಯಶಾಸ್ತ್ರದ ಪಾಠವು ಬಹುಮಟ್ಟಿಗೆ ಮನೆತನಗಳಲ್ಲಿ, ಬಸದಿಗಳಲ್ಲಿ, ಅರಮನೆಗಳ ಆಶ್ರಯದಲ್ಲಿ ನಡೆಯಿತೆಂದು ಊಹಿಸುವುದೇ ಯುಕ್ತವಾಗಿ ತೋರುತ್ತದೆ.

ವೈದ್ಯರ ವಿದ್ವದ್ಗೋಷ್ಠಿಯೊಂದರ ಸಾಕ್ಷ್ಯವು ಮಾತ್ರ ಸ್ಪಷ್ಟವಾಗಿ ಉಳಿದುಬಂದಿದೆ. ಶ್ರೀನಂದಿಮುನಿಯ ಶಿಷ್ಯನಾದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಭಾಗವಿದೆ. ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ ಮಾಂಸವು ಔಷಧವಾಗಿ ನಿಷ್ಪ್ರಯೋಜಕವೆಂದು ಸಾಧಿಸಿ ಮಾಡಿದ ಉಪನ್ಯಾಸವು ಅದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಈ ನೃಪತುಂಗನು ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಎಣಿಸಿರುವರು. ಗ್ರಂಥವು ಸೊಲ್ಲಾಪುರದಲ್ಲಿ ಅಚ್ಚಾದುದು 1940ರಲ್ಲಿ. ಜೈನಾಚಾರ್ಯನು ಹಿಂಸೆಯನ್ನು ಖಂಡಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದನ್ನು ಧರ್ಮಸಭೆಯಲ್ಲಿ ಖಂಡಿಸದೆ ವೈದ್ಯರ ಮುಂದೆ ವೈದ್ಯದ ಮಾತಿನಲ್ಲಿಯೇ ಖಂಡಿಸಿದನೆಂಬುದು ಮುಖ್ಯ. ಅದು ಚರಕನು ಹೇಳಿದ ವಿಗೃಹ್ಯಸಂಭಾಷೆಯೇ ಸರಿ. ಮುಂದೆ ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಕೀರ್ತಿವರ್ಮನ ಗೋವೈದ್ಯ ಮೊದಲಾದುವು ಹುಟ್ಟಿದುವು. ಸಂಸ್ಕೃತವನ್ನರಿಯದ ವೈದ್ಯನ ಕೈಗೂ ಶಾಸ್ತ್ರವು ಎಟಕಬೇಕೆಂಬ ಅಪೇಕ್ಷೆಯು ಇವುಗಳ ಹಿಂದೆ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪರಂಪರೆಯ ಮೇಲೆ ಇನ್ನೊಂದು ವ್ಯವಸ್ಥೆಯು ಬಂದು ಕುಳಿತಿತು. 1800ರಲ್ಲಿ ಕಂಪನಿಗೆ ಸೇರಿದ ಬಳ್ಳಾರಿ ಸೀಮೆಯವರಿಗೆ ಹೊಸ ವೈದ್ಯದ ದಾರಿ ಮದರಾಸಿನ ಕಡೆಗೆ ಹೋಗುತ್ತಿದ್ದಿತು. ಅಲ್ಲಿಯ ವೈದ್ಯಶಾಲೆಯು 1835ರಲ್ಲಿ ಆರಂಭವಾದುದು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಹುಡುಗನಿಗೆ ತುಂಗಭದ್ರೆಯ ಆಚೆಯ ಧಾರವಾಡವು ಹತ್ತಿರ. ಆದರೆ ಸರ್ಕಾರದ ದಾರಿ ದೂರದ ಮದರಾಸಿಗೆ. ಮೈಸೂರು ಸಂಸ್ಥಾನವು 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜನ್ನೂ, 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಶಾಲೆಯನ್ನೂ, 1924ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಕಡೆಯದು 1930ರಲ್ಲಿ ಮೈಸೂರಿಗೆ ಬಂದಿತು.

ಆ ಕಾಲದಲ್ಲಿ ವಿದ್ಯೆಗೂ ವೃತ್ತಿಗೂ ನಡುವಿನ ಅಂತರವೆಷ್ಟಿತ್ತೆಂಬುದಕ್ಕೆ ಡಾಕ್ಟರ್ ಪದ್ಮನಾಭನ್ ಪಲ್ಪು ಅವರ ಚರಿತ್ರೆಯೇ ಸಾಕ್ಷಿ. ತಿರುವನಂತಪುರದಲ್ಲಿ 1863ರಲ್ಲಿ ಹುಟ್ಟಿದ ಅವರಿಗೆ ಈಳವ ಜಾತಿಯವರೆಂಬ ಕಾರಣದಿಂದ ತಿರುವಾಂಕೂರಿನಲ್ಲಿ ವೈದ್ಯವಿದ್ಯಾಭ್ಯಾಸಕ್ಕೆ ಪ್ರವೇಶ ದೊರೆಯಲಿಲ್ಲ. ಮದರಾಸಿನಲ್ಲಿ ಓದಿ ತೇರ್ಗಡೆ ಹೊಂದಿ ಬಂದರೂ ಸ್ವಂತ ಸಂಸ್ಥಾನವು ಉದ್ಯೋಗವನ್ನು ಕೊಡಲಿಲ್ಲ. ಕೊಟ್ಟದ್ದು ಮೈಸೂರು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ಅವರು ಕೆಲಸ ಮಾಡಿದರು. 1898ರಲ್ಲಿ ಪ್ಲೇಗು ನಗರಕ್ಕೆ ಕಾಲಿಟ್ಟಾಗ ಜನರು ಊರುಬಿಟ್ಟು ಓಡುತ್ತಿದ್ದರೆ ಇವರು ರೋಗಿಗಳ ನಡುವೆ ನಿಂತರು. ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿತುಬರಲೆಂದು ಮೈಸೂರು ಸರ್ಕಾರವು ಅವರನ್ನು ಯೂರೋಪಿಗೆ ಕಳುಹಿಸಿತು. ಕೇಂಬ್ರಿಜ್ಜಿನಲ್ಲಿಯೂ ಅವರು ವ್ಯಾಸಂಗ ಮಾಡಿದರು. ಪ್ರಭುತ್ವವೊಂದು ವೈದ್ಯನಿಗೆ ಉದ್ಯೋಗದಲ್ಲಿರುವಾಗಲೇ ಸಂಶೋಧನ ಶಿಕ್ಷಣವನ್ನು ಕೊಡಿಸಿ, ಹಿಂದಿರುಗಿದ ಮೇಲೆ ಅದೇ ಕೆಲಸದಲ್ಲಿ ಉಳಿಸಿಕೊಂಡ ಈ ನಿದರ್ಶನವು ಹಳೆಯ ಅರ್ಥದ ವೃತ್ತಿಗೆ ಬಹಳ ಸಮೀಪದ್ದು. ಜಾತಿಯು ಮುಚ್ಚಿದ ಬಾಗಿಲನ್ನು ನೆರೆಯ ಸಂಸ್ಥಾನವು ತೆರೆದುದರಿಂದ ಲಾಭವಾದುದು ಬೆಂಗಳೂರಿಗೆ.

ಪ್ಲೇಗಿನ ಆ ವರ್ಷಗಳಲ್ಲಿಯೇ ಜಮ್‌ಷೆಟ್‌ಜಿ ತಾತಾ ಅವರ ವಿಜ್ಞಾನ ಮಂದಿರದ ಯೋಜನೆಯು ರೂಪುಗೊಂಡಿತು. ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. ಸಂಸ್ಥೆಯು 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಇಲ್ಲಿಯೂ ವಿದ್ಯೆಗಾಗಿ ಭೂಮಿದಾನವೇ ನಡೆಯಿತು. ಆದರೆ ಭೂಮಿಯು ಸಂಸ್ಥೆಗೆ ಸಂದಿತು, ವಿದ್ಯಾರ್ಥಿಯ ಹೆಸರಿಗೆ ಪಾಲೇನೂ ಬರೆಯಲಿಲ್ಲ. 1921ರಲ್ಲಿ ಜೀವರಸಾಯನಕ್ಕೆ ಪ್ರತ್ಯೇಕ ವಿಭಾಗವಾಯಿತು. ಚರಂಡಿಯ ನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಿಗೊಳಿಸುವ ವಿಧಾನದಲ್ಲಿ ಹೆಸರಾಂತ ಗಿಲ್ಬರ್ಟ್ ಫೌಲರ್ ಅದರ ಆರಂಭದ ಕಾಲದ ಪ್ರಾಧ್ಯಾಪಕರಾಗಿದ್ದರು. ಇಲ್ಲಿ ವ್ಯಾಸಂಗ ಮಾಡಿದವನಿಗೆ ಸಂಸ್ಥೆಯು ಕೊಡುತ್ತಿದ್ದುದು ತನ್ನದೇ ಆದ ಡಿಪ್ಲೊಮಾ. ವಿಶ್ವವಿದ್ಯಾಲಯದ ಪದವಿ ಬೇಕಾದವನು ಮುಂಬಯಿಗೋ ಮದರಾಸಿಗೋ ಮತ್ತಾವ ಕಡೆಗೋ ತನ್ನ ಪ್ರಬಂಧವನ್ನು ಕಳುಹಿಸಬೇಕಾಗಿದ್ದಿತು. ಈ ಸ್ಥಿತಿಯು 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯದ ಸಮಾನ ಸ್ಥಾನವು ದೊರೆಯುವವರೆಗೂ ನಡೆಯಿತು.

ಸಂಭಾಷೆಗೆ ಮಾತ್ರ ಬೆಂಗಳೂರಿನಲ್ಲಿ ಕೊರತೆಯಾಗಲಿಲ್ಲ. 1930ರಲ್ಲಿ ಜೀವರಸಾಯನಜ್ಞರ ಸಂಘವು ಈ ಸಂಸ್ಥೆಯನ್ನೇ ನೆಲೆಯಾಗಿಟ್ಟುಕೊಂಡು ಹುಟ್ಟಿತು. 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯೂ 1934ರಲ್ಲಿ ರಾಮನ್ ಅವರ ನೇತೃತ್ವದ ವಿಜ್ಞಾನ ಅಕಾಡೆಮಿಯೂ ಬಂದುವು. ಇದಕ್ಕಿಂತ ಹಿಂದೆ, 1918ರಲ್ಲಿಯೇ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ವಿಜ್ಞಾನವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದು ಅಲ್ಪಾಯುವಾದುದು ಕನ್ನಡದ ದುರದೃಷ್ಟ. ಸೆಮಿನಾರ್ ಎಂಬ ಶಬ್ದವು ಜರ್ಮನಿಯ ವಿಶ್ವವಿದ್ಯಾಲಯಗಳ ಮೂಲಕ ಪ್ರಪಂಚಕ್ಕೆ ಹರಡಿದುದು; ಅದರ ಲ್ಯಾಟಿನ್ ಮೂಲಕ್ಕೆ ಸಸಿಮಡಿಯೆಂದು ಅರ್ಥ. ಮಡಿಯಲ್ಲಿ ಸಸಿ ಎಬ್ಬಿಸಿದ ರೈತನು ನಾಟಿ ಮಾಡುವ ಗದ್ದೆಯನ್ನೂ ಉತ್ತು ಸಿದ್ಧವಾಗಿಟ್ಟಿರುತ್ತಾನೆ. ಬೆಂಗಳೂರಿನಲ್ಲಿ ಮಡಿಗಳು ಹೆಚ್ಚಿದುವು. ಗದ್ದೆಯ ಯೋಚನೆಯನ್ನು ಯಾರೂ ತಮ್ಮ ಕೆಲಸವೆಂದು ಎಣಿಸಲಿಲ್ಲ.

ಇದರ ಭಾರವು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಕಮಲಾ ಭಾಗವತರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದವರು. ಆ ವರ್ಷವೇ ನಿರ್ದೇಶಕರಾಗಿದ್ದ ರಾಮನ್ ಅವರು ಹೆಣ್ಣೆಂಬ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಅವರು ಬೆಂಗಳೂರಿಗೇ ಬಂದು ಕಾರಣವನ್ನು ಕೇಳಿ ಪಟ್ಟು ಹಿಡಿದ ಮೇಲೆ ಮೂರು ಕಟ್ಟಳೆಗಳೊಡನೆ ಪ್ರವೇಶವಾಯಿತು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿಯೆಂಬ ಮನ್ನಣೆಯಿಲ್ಲ, ಮಾರ್ಗದರ್ಶಕರು ಹೇಳಿದಾಗ ರಾತ್ರಿಯೆಷ್ಟೊತ್ತಾದರೂ ಕೆಲಸ ಮಾಡಬೇಕು, ತಮ್ಮ ಇರುವಿಕೆಯಿಂದ ಪ್ರಯೋಗಶಾಲೆಯ ವಾತಾವರಣವು ಕೆಡಬಾರದು. ಮೂರನೆಯ ಕಟ್ಟಳೆಯನ್ನು ಓದಿದ ಯಾವ ವಾಚಕನಿಗೂ ವ್ಯಾಖ್ಯಾನದ ಅಗತ್ಯವಿರಲಾರದು. ಶ್ರೀನಿವಾಸಯ್ಯನವರೆಂಬ ಗುರುಗಳು ದೊರೆತುದು ಅವರ ಭಾಗ್ಯ. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತ ಅವರ ಸಂಶೋಧನೆಯು ಬಡವರ ಊಟಕ್ಕೆ ನೇರವಾಗಿ ಸಂಬಂಧಿಸಿದುದಾಗಿದ್ದಿತು. ಒಂದು ವರ್ಷದ ಕೆಲಸವನ್ನು ಕಂಡು ರಾಮನ್ ಅವರು ಒಪ್ಪಿದರು. ಅಂದಿನಿಂದ ಸಂಸ್ಥೆಯ ಬಾಗಿಲು ಸ್ತ್ರೀಯರಿಗೂ ತೆರೆಯಿತು. 1936ರಲ್ಲಿ ಅವರಿಗೆ ಮುಂಬಯಿಯ ಎಂ. ಎಸ್‌ಸಿ. ಪದವಿಯಾಯಿತು.

ಮುಂದೆ ಅವರು ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್ಜಿಗೆ ಹೋದರು. ಅಲ್ಲಿ ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡಿ, ಆಲೂಗೆಡ್ಡೆಯ ಮೇಲಿನ ಪ್ರಯೋಗಗಳಿಂದ ಸೈಟೋಕ್ರೋಮ್ ಸಿ ಎಂಬ ಕಿಣ್ವಸಹಾಯಕ ದ್ರವ್ಯವು ಸಸ್ಯಗಳ ಜೀವಕೋಶಗಳಲ್ಲಿಯೂ ಇರುವುದನ್ನು ತೋರಿಸಿದರು. ಹದಿನಾಲ್ಕು ತಿಂಗಳ ಕೆಲಸ, ಸುಮಾರು ನಲವತ್ತು ಪುಟಗಳ ಪ್ರಬಂಧ. 1939ರಲ್ಲಿ ಡಾಕ್ಟರೇಟ್ ಪದವಿ. ವಿಜ್ಞಾನದಲ್ಲಿ ಕೇಂಬ್ರಿಜ್ಜಿನ ಆ ಪದವಿಯನ್ನು ಪಡೆದ ಭಾರತದ ಮೊದಲ ಸ್ತ್ರೀ ಅವರು. ಸ್ವದೇಶಕ್ಕೆ ಮರಳಿ ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ, ಬಳಿಕ ಕೂನೂರಿನ ಪೌಷ್ಟಿಕತಾ ಸಂಶೋಧನಾಲಯದಲ್ಲಿ, 1947ರಲ್ಲಿ ಸೋಹೋನಿಯವರನ್ನು ಮದುವೆಯಾದ ಮೇಲೆ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ನೀರಾ ಪಾನೀಯದ ಪೌಷ್ಟಿಕ ಗುಣವನ್ನು ಕುರಿತ ಅವರ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂದಿತು. 1998ರಲ್ಲಿ, ವೈದ್ಯ ಸಂಶೋಧನ ಮಂಡಲಿಯು ದಿಲ್ಲಿಯಲ್ಲಿ ಸನ್ಮಾನಿಸಿದ ಕಾಲದಲ್ಲಿಯೇ, ಅವರು ಅಸ್ವಸ್ಥರಾಗಿ ತೀರಿಕೊಂಡರು. ಪಲ್ಪು ಅವರನ್ನು ಕೇಂಬ್ರಿಜ್ಜಿಗೆ ಕಳುಹಿಸಿದುದು ಒಂದು ಸರ್ಕಾರ. ಅವರು ಹಿಂದಿರುಗಿದಾಗ ಸ್ಥಾನವು ಕಾದಿತ್ತು. ಕಮಲಾ ಅವರು ಪ್ರತಿಯೊಂದು ಸ್ಥಾನವನ್ನೂ ಒಂದೊಂದು ಊರಿನಲ್ಲಿ ಹೊಸದಾಗಿ ಹುಡುಕಿಕೊಳ್ಳಬೇಕಾಯಿತು. ಇಬ್ಬರ ನಡುವಿನ ಅಂತರವು ನಾಲ್ಕೇ ದಶಕಗಳದ್ದು.

ಕಮಲಾ ಅವರಂತಹ ಧೈರ್ಯವಿಲ್ಲದವರಿಗೆ ಉಳಿದಿದ್ದ ಊರುಗೋಲು ಗುರುವಿನ ಪತ್ರವೊಂದೇ. ಗುರುವು ಬೆಳೆದರೆ ಶಿಷ್ಯರಿಗೂ ನೆರಳು. ಸಂಸ್ಥೆಯ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದಾಗ, ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಪಳಗಿದ ವಿದ್ಯೆಗೆ ಹೊಸ ಗದ್ದೆಯೊಂದು ದೊರೆಯಿತು. ಎಮ್ಮೆಯ ಹಾಲಿನಿಂದ ಶಿಶುಗಳ ಆಹಾರ, ಕಡಲೆಕಾಯಿ ಹಿಂಡಿಯಿಂದ ಪೌಷ್ಟಿಕ ಹಿಟ್ಟು ಮುಂತಾದುವು ಅಲ್ಲಿಯ ಫಲಗಳು. ಈ ಏರ್ಪಾಡು ಫಲಕಾರಿಯಾದುದೇನೋ ನಿಜ. ಆದರೆ ಇದು ವ್ಯಕ್ತಿಯ ದಾಕ್ಷಿಣ್ಯದ ಮೇಲೆ ನಿಂತುದು. ಗುರುವಿನ ಕಣ್ಣಿಗೆ ಬೀಳದವನಿಗೆ, ಗುರುವಿನೊಡನೆ ಭಿನ್ನಾಭಿಪ್ರಾಯ ಪಟ್ಟವನಿಗೆ, ನೆರಳಿಲ್ಲ. ವಿಗೃಹ್ಯಸಂಭಾಷೆಯಲ್ಲಿ ಗುರುವನ್ನು ಸೋಲಿಸಿದ ಶಿಷ್ಯನು ಪತ್ರಕ್ಕಾಗಿ ಯಾರ ಬಳಿಗೆ ಹೋಗಬೇಕು?

ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದುವು. 1957ರಲ್ಲಿ ಹುಬ್ಬಳ್ಳಿಯಲ್ಲಿಯೂ 1961ರಲ್ಲಿ ಬಳ್ಳಾರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದುವು. ಹಡಗಲಿಯ ವಿದ್ಯಾರ್ಥಿಗೆ ವೈದ್ಯವು ಮೊದಲ ಬಾರಿಗೆ ಒಂದು ದಿನದ ಪ್ರಯಾಣದೊಳಕ್ಕೆ ಬಂದಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ರೋಗಿಯ ಹಾಸಿಗೆಯೂ ಸಂಶೋಧಕನ ಮೇಜೂ ಒಂದೇ ಆವರಣದಲ್ಲಿ ಬಂದುದು ಈ ನಾಡಿನ ಮಟ್ಟಿಗೆ ದೊಡ್ಡ ಸಂಗತಿ.

ಈ ಕಾಲೇಜುಗಳೊಡನೆ ಇನ್ನೊಂದು ಬಗೆಯ ಸಂಭಾಷೆಯೂ ಬೇರೂರಿತು. ಹೊಸ ಪತ್ರಿಕೆಗಳಲ್ಲಿ ಬಂದ ಲೇಖನವನ್ನು ವಿದ್ಯಾರ್ಥಿಯು ಓದಿ ಹಿರಿಯರ ಮುಂದೆ ವಿಮರ್ಶಿಸುವ ಜರ್ನಲ್ ಕ್ಲಬ್ಬನ್ನು ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ 1875ರಲ್ಲಿ ಆರಂಭಿಸಿದ್ದನು. ಪತ್ರಿಕೆಗಳನ್ನು ಕೊಳ್ಳಲಾರದವರು ಹಂಚಿಕೊಂಡು ಓದಲೆಂಬುದೂ ಅವನ ಉದ್ದೇಶಗಳಲ್ಲೊಂದು. ಇಂದು ಎಂ. ಡಿ. ವಿದ್ಯಾರ್ಥಿಗೆ ಅದು ನಿತ್ಯಕರ್ಮದಂತೆ. ಆದರೆ ಅವನ ಸ್ಥಿತಿ ಬೇರೆ. ಅವನಿಗೆ ಸುಶ್ರುತನ ಬೀದಿ ತೆರೆದೇ ಇದೆ. ಹಲಗೆಯನ್ನು ತೂಗುಹಾಕಿದರೆ ರೋಗಿಗಳು ಬರುವರು. ವೈದ್ಯನಲ್ಲದೆ ವೈದ್ಯದ ಮೂಲವಿಜ್ಞಾನಗಳಲ್ಲಿ ಎಂ. ಎಸ್‌ಸಿ., ಪಿಎಚ್. ಡಿ. ಮಾಡಿದವನಿಗೆ ಆ ಬೀದಿಯಿಲ್ಲ. ಅವನಿಗೆ ಕಾಲೇಜಿನ ಪೀಠ, ಪ್ರಯೋಗಶಾಲೆ, ಔಷಧ ಕಾರ್ಖಾನೆ, ಇವೇ ಗತಿ.

ಪ್ರಯೋಗಶಾಲೆಗಳೇನೋ ಹೆಚ್ಚಿದುವು. ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಅಣುಜೀವಭೌತ ವಿಭಾಗ, 1989ರ ಜವಾಹರಲಾಲ್ ನೆಹರೂ ಕೇಂದ್ರ, ಒಬೈದ್ ಸಿದ್ದಿಕಿಯವರು 1990ರ ದಶಕದಲ್ಲಿ ನಿಲ್ಲಿಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವು ಬೆಂಗಳೂರಿನ ಕೀರ್ತಿಯನ್ನು ಹೆಚ್ಚಿಸಿದುವು. 1978ರಲ್ಲಿ ಬಯೋಕಾನ್ ಆರಂಭವಾಗಿ ಔಷಧೋದ್ಯಮಕ್ಕೂ ಊರಿನಲ್ಲಿ ನೆಲೆಯಾಯಿತು. ಆದರೆ ಉದ್ಯಮದ ನೆಲೆಯು ಶಾಸನದಲ್ಲಿ ಸೂರ್ಯಚಂದ್ರರಿರುವವರೆಗೆಂದು ಬರೆದ ನೆಲೆಯಲ್ಲ. ಕ್ಷಯ ಮೊದಲಾದ ರೋಗಗಳಿಗೆ ಔಷಧವನ್ನು ಹುಡುಕುತ್ತಿದ್ದ ಆಸ್ಟ್ರಾಜೆನೆಕಾ ಸಂಸ್ಥೆಯ ಬೆಂಗಳೂರಿನ ಸಂಶೋಧನ ಕೇಂದ್ರವನ್ನು 2014ರಲ್ಲಿ ಮುಚ್ಚುವ ನಿರ್ಧಾರವು ಪ್ರಕಟವಾದಾಗ, ಅನುಭವಿಗಳಾದ ವಿಜ್ಞಾನಿಗಳೇ ಒಮ್ಮೆಗೆ ನೆಲೆ ತಪ್ಪಿದರು.

ಇತ್ತ ಸಂಭಾಷೆಯು ಕಾನೂನಿನ ಕೈಗೆ ಸಿಕ್ಕಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮದಂತೆ ಪಿಎಚ್. ಡಿ. ಪ್ರಬಂಧವನ್ನು ಒಪ್ಪಿಸುವ ಮೊದಲು ವಿದ್ಯಾರ್ಥಿಯು ಒಂದು ಲೇಖನವನ್ನು ಪ್ರಕಟಿಸಿ, ಎರಡು ಗೋಷ್ಠಿಗಳಲ್ಲಿ ಪ್ರಬಂಧಗಳನ್ನು ಮಂಡಿಸಿರಬೇಕು. ಉದ್ದೇಶವು ಒಳ್ಳೆಯದು. ಆದರೆ ಕೇಳುವವರಿಲ್ಲದಿದ್ದರೂ ಪ್ರಮಾಣಪತ್ರವನ್ನು ಹಂಚುವ ಗೋಷ್ಠಿಗಳು, ಹಣ ಪಡೆದು ಅಚ್ಚು ಹಾಕುವ ಪತ್ರಿಕೆಗಳು ಇದರಿಂದ ಪುಷ್ಟಿಗೊಂಡುವೆಂಬುದನ್ನು ವಿಶ್ವವಿದ್ಯಾಲಯಗಳನ್ನು ಬಲ್ಲವರು ಅಲ್ಲಗಳೆಯಲಾರರು. ಪರಿಷತ್ತನ್ನು ಪರೀಕ್ಷಿಸಿಕೋ ಎಂಬ ಚರಕನ ಎಚ್ಚರಿಕೆಗೆ ಇದಕ್ಕಿಂತ ತಕ್ಕ ಸಂದರ್ಭವು ಸಿಗಲಾರದು. 2022ರ ನಿಯಮವು ಆ ಕಡ್ಡಾಯವನ್ನು ತೆಗೆದುಹಾಕಿ, ಸಂಶೋಧನ ವಿದ್ಯಾರ್ಥಿಗೆ ಬೋಧನೆಯಲ್ಲಿಯೂ ಬರವಣಿಗೆಯಲ್ಲಿಯೂ ಶಿಕ್ಷಣ ಕೊಡಬೇಕೆಂದಿತು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠದ ಕೆಲಸವನ್ನು ವಹಿಸಬಹುದೆಂದೂ ಹೇಳಿತು. ವೇತನದ ಪ್ರಶ್ನೆಗೆ ಹೋರಾಟವೇ ಬೇಕಾಯಿತು. ಕಿರಿಯ ಸಂಶೋಧಕನ ತಿಂಗಳ ವೇತನವು 2019ರಲ್ಲಿ 25,000 ರೂಪಾಯಿಗಳಿಂದ 31,000ಕ್ಕೆ ಏರಿದುದು ದೇಶದಾದ್ಯಂತ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ. 2023ರಲ್ಲಿ ಅದು 37,000 ಆಯಿತು.

ಸಂಭಾಷೆಯನ್ನೂ ವೃತ್ತಿಯನ್ನೂ ಮತ್ತೆ ಒಂದೇ ಚಾವಣಿಯ ಕೆಳಗೆ ತರುವ ಪ್ರಯತ್ನವು ಈಚಿನದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2013ರಲ್ಲಿ ಬೆಸ್ಟ್ ಎಂಬ ಹೆಸರಿನ ಯೋಜನೆಯನ್ನು ಆರಂಭಿಸಿ, ವೈದ್ಯವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳಿಗೆ ಪ್ರಾಧ್ಯಾಪಕ ಪೀಠದ ಹೊರಗಿನ ಉದ್ಯೋಗಗಳ ಪರಿಚಯ ಮಾಡಿಕೊಡಲು 17 ವಿದ್ಯಾಸಂಸ್ಥೆಗಳಿಗೆ ಧನಸಹಾಯ ಮಾಡಿತು. ಡಾಕ್ಟರೇಟ್ ಪಡೆದವರಿಗೆಲ್ಲ ಪೀಠಗಳಿಲ್ಲವೆಂದು ಅಲ್ಲಿಯ ಸರ್ಕಾರಿ ಸಂಸ್ಥೆಯೇ ಒಪ್ಪಿಕೊಂಡಂತಾಯಿತು. ಭಾರತದಲ್ಲಿ 2009ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಗೊಂಡ ಇಂಡಿಯಾ ಬಯೋಸೈನ್ಸ್ ಎಂಬ ಸಂಸ್ಥೆಯು ಹೊಸದಾಗಿ ಪ್ರಯೋಗಶಾಲೆಯನ್ನು ತೆರೆಯುವ ಯುವ ಸಂಶೋಧಕರನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸುತ್ತ ಬಂದಿದೆ. ವಿದ್ಯಾರ್ಥಿಗಳಿಗಾಗಿ ನಡೆಸುವ ಅದರ ಕಾರ್ಯಾಗಾರಗಳಲ್ಲಿ ಅರ್ಜಿಯನ್ನು ಬರೆಯುವ ಬಗೆ, ಸಂದರ್ಶನದಲ್ಲಿ ಮಾತನಾಡುವ ಬಗೆ, ಪ್ರಯೋಗಶಾಲೆಯ ಹೊರಗೆ ವಿಜ್ಞಾನಿಗೆ ತೆರೆದಿರುವ ಉದ್ಯೋಗಗಳು ಮೊದಲಾದ ವಿಷಯಗಳ ಚರ್ಚೆ ನಡೆಯುತ್ತದೆ. ಸುಶ್ರುತನ ಹತ್ತನೆಯ ಅಧ್ಯಾಯಕ್ಕೆ ಇವು ಹೊಸ ವ್ಯಾಖ್ಯಾನಗಳು. ಆದರೆ ಇವುಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷು, ಸ್ಥಳವು ಬಹುಮಟ್ಟಿಗೆ ದೊಡ್ಡ ನಗರ. ಹಡಗಲಿಯಲ್ಲಿ ಕನ್ನಡದಲ್ಲಿ ಓದಿ ಬಳ್ಳಾರಿಯಲ್ಲಿಯೋ ಧಾರವಾಡದಲ್ಲಿಯೋ ಸಂಶೋಧನೆಗೆ ಸೇರಿದವನಿಗೆ ಇಂತಹ ಕಾರ್ಯಾಗಾರವೊಂದಿದೆ ಎಂಬ ಸುದ್ದಿ ಮುಟ್ಟುವುದೂ ಅದೃಷ್ಟದ ಮಾತೇ.

ಸಭೆಗಳು ಎಷ್ಟು ಕಲಿಸಿದರೂ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ಕಡೆಗೆ ನಿಯಮಗಳೇ. ವೈದ್ಯಕೀಯ ಕಾಲೇಜುಗಳ ಮೂಲವಿಜ್ಞಾನ ವಿಭಾಗಗಳಲ್ಲಿ ವೈದ್ಯರಲ್ಲದ ಎಂ. ಎಸ್‌ಸಿ., ಪಿಎಚ್. ಡಿ. ಪದವೀಧರರಿಗೆ ಹಿಂದೆ ನೂರಕ್ಕೆ 30ರವರೆಗೆ, ಜೀವರಸಾಯನದಲ್ಲಿ 50ರವರೆಗೆ ಪೀಠಗಳನ್ನು ಕೊಡಬಹುದಾಗಿದ್ದಿತು. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂಗರಚನೆ, ಶರೀರಕ್ರಿಯೆ, ಜೀವರಸಾಯನಗಳಲ್ಲಿ ಅದನ್ನು 15ಕ್ಕೆ ಇಳಿಸಿ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರಗಳಲ್ಲಿ ಪೂರ್ಣವಾಗಿ ನಿಲ್ಲಿಸಿತು. ಲಸಿಕೆ ಮತ್ತು ಸೂಕ್ಷ್ಮಜೀವಿಗಳ ಮಾತು ಮನೆಮನೆಯಲ್ಲಿಯೂ ನಡೆಯುತ್ತಿದ್ದ ಮಹಾಮಾರಿಯ ವರ್ಷದಲ್ಲಿಯೇ ಆ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಿಗೆ ಕಾಲೇಜಿನ ಬಾಗಿಲು ಮುಚ್ಚಿದುದು ಕಾಲದ ವಿನೋದ. ಗೋಷ್ಠಿಗಳಲ್ಲಿ ಮಾತನಾಡಿ, ಲೇಖನಗಳನ್ನು ಪ್ರಕಟಿಸಿ, ವರ್ಷಗಟ್ಟಲೆ ದುಡಿದವರ ಅರ್ಹತೆಯು ಒಂದು ಪ್ರಕಟಣೆಯಿಂದ ಅನರ್ಹತೆಯಾಯಿತು. 2025ರ ಹೊಸ ನಿಯಮಾವಳಿಯು ಆ ಎರಡು ವಿಭಾಗಗಳನ್ನು ಮತ್ತೆ ಪಟ್ಟಿಗೆ ಸೇರಿಸಿದೆ. ಬಳ್ಳಾರಿಯಂತಹ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಎಷ್ಟು ಪೀಠಗಳು ಇವರಿಗೆ ದೊರೆಯುವುವೆಂಬುದು ಒಂದೊಂದು ಕಾಲೇಜಿನ ನೇಮಕದ ಪ್ರಕಟಣೆಯಿಂದಲೇ ತಿಳಿಯಬೇಕಾಗಿದೆ.